ದಿನಾ ಮುಚ್ಚಿದ ಬಿರುಕು

ಆಳಂದದವಳೊಬ್ಬಳು ಹಿಮದ ಕೆಲಸ ಮಾಡುತ್ತಾಳೆ ಎಂದರೆ ನಮ್ಮ ಕಡೆಯವರು ಮೊದಲು ನಗುತ್ತಾರೆ, ಆಮೇಲೆ ಐಸ್‌ಕ್ರೀಂ ಫ್ಯಾಕ್ಟರಿಯಾ ಎಂದು ಕೇಳುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಬೇಸಿಗೆಯ ಮಧ್ಯಾಹ್ನ ಹೊಸ್ತಿಲು ದಾಟಲು ಹೆದರುವ ಊರಿನವರಿಗೆ, ಹಿಮ ಗುಡ್ಡದಿಂದ ಜಾರಿ ಬಂದು ಮನುಷ್ಯರನ್ನು ಹೂತುಹಾಕುತ್ತದೆ ಎಂದು ಎಷ್ಟು ಸಲ ಹೇಳಿದರೂ ಅದು ಟಿವಿಯಲ್ಲಿ ನೋಡುವ ಸುದ್ದಿಯೇ. ಹಿಮಾಚಲದ ಎತ್ತರದ ಕಣಿವೆಗಳಲ್ಲಿ ಚಳಿಗಾಲ ಮುಗಿಯುವ ಮೊದಲೇ ಕೆಲಸ ಹಿಡಿಯುವ ಕಂಪನಿಗಳಿರುತ್ತವೆ. ಅವುಗಳ ಜೊತೆಗಿದ್ದು, ಇವತ್ತು ಯಾವ ಇಳಿಜಾರಿನ ಮೇಲೆ ಜನ ಓಡಾಡಬಹುದು, ಯಾವುದರ ಮೇಲೆ ಕೂಡದು ಎಂದು ದಿನಾ ಬೆಳಿಗ್ಗೆ ಹೇಳುವುದು ನನ್ನ ಕೆಲಸ. ನಾನು ಹೇಳಿದ್ದು ತಪ್ಪಾದರೆ ಏನಾಗುತ್ತದೆ ಎಂಬುದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಸಲದ ಕೆಲಸ ಒಂದು ಸಣ್ಣ ಜಲವಿದ್ಯುತ್ ಯೋಜನೆಯದು. ತೊರೆಯ ನೀರನ್ನು ಮೇಲೆ ಒಂದು ಗೇಟಿನ ಹತ್ತಿರ ತಡೆದು ಕಾಲುವೆಗೆ ತಿರುಗಿಸುತ್ತಾರೆ. ಗೇಟಿನ ಕಬ್ಬಿಣದ ಜಾಲರಿಗೆ ಚಳಿಗಾಲವಿಡೀ ಮಂಜುಗಡ್ಡೆ ಕಟ್ಟಿರುತ್ತದೆ. ಹಿಮ ಕರಗಿ ಹೊಳೆ ಬರುವ ಮೊದಲು ಅದನ್ನು ಒಡೆದು ತೆಗೆಯದಿದ್ದರೆ ಜಾಲರಿಯೇ ಕಿತ್ತು ಹೋಗುತ್ತದೆ. ನಮ್ಮ ಕ್ಯಾಂಪಿಗೂ ಆ ಗೇಟಿಗೂ ನಡುವೆ ಒಂದು ಅಗಲವಾದ ಇಳಿಜಾರು. ಬೇಸಿಗೆಯಲ್ಲಿ ಅಲ್ಲಿ ಕುರಿ ಮೇಯುತ್ತವಂತೆ, ಅಷ್ಟು ಉದ್ದ ಹುಲ್ಲು. ಈಗ ಅದರ ಮೇಲೆ ಎದೆಯೆತ್ತರ ಹಿಮ. ಅದನ್ನು ಅಡ್ಡಕ್ಕೆ ಕಡಿದು ಮಾಡಿದ ಕಾಲುದಾರಿಯೊಂದೇ ಗೇಟಿಗೆ ಹೋಗುವ ಹಾದಿ. ಇಳಿಜಾರಿನ ಮೇಲ್ಗಡೆ ಕಡಿದಾದ ಬಂಡೆ, ಕೆಳಗಡೆ ತೊರೆಯ ಕಮರಿ.

ಹಾದಿಯ ಹಿಮ ತೆಗೆಯಲು, ಜಾಲರಿ ಬಿಡಿಸಲು ಗುತ್ತಿಗೆದಾರ ಒಂದು ಟೋಳಿ ಕಳಿಸುತ್ತಾನೆ ಎಂದಿದ್ದರು. ಟೋಳಿ ಬಂದ ದಿನ ನಾನು ಡೇರೆಯೊಳಗೆ ಕಾಲುಚೀಲ ಒಣಗಿಸುತ್ತಾ ಕೂತಿದ್ದೆ. ಹೊರಗೆ ಯಾರೋ, "ಏನ್ ಥಂಡಿ ಅದಪಾ ಇದು, ಮೂಗು ಅದನೋ ಇಲ್ಲೋ ನೋಡಲೇ" ಎಂದರು. ನಾನು ಬರಿಗಾಲಲ್ಲೇ ಹೊರಗೆ ಓಡಿದೆ.

ಅವರು ಕಬ್ಬು ಕಡಿಯುವ ಟೋಳಿಯವರು. ಆ ವರ್ಷ ನಮ್ಮ ರಾಜ್ಯದ ಗಡಿಯಾಚೆಯ ಸಕ್ಕರೆ ಕಾರ್ಖಾನೆ ಬೇಗ ಬಾಗಿಲು ಹಾಕಿದ್ದರಿಂದ ಇಲ್ಲಿಗೆ ಬಂದಿದ್ದರು. ಟೋಳಿಯನ್ನು ನಡೆಸುವ ಮುಕಾದಮ್ ನಮ್ಮ ಆಳಂದದವರೇ, ಬಿಳಿ ಗಡ್ಡದ ಮುಸಲ್ಮಾನ ಹಿರಿಯರು. ಮೊದಲ ದಿನವೇ ನಾನು ಅವರನ್ನು ಚಾಚಾ ಎಂದೆ, ಅವರು ನನ್ನನ್ನು ಬೇಟಿ ಎಂದರು. ಅವರ ಜೊತೆ ಅಫಜಲಪುರದ ಅಣ್ಣತಮ್ಮಂದಿರಿಬ್ಬರು, ಜೇವರ್ಗಿ ತಾಲ್ಲೂಕಿನ ಇಜೇರಿಯ ರೈತರೊಬ್ಬರು, ಅದೇ ತಾಲ್ಲೂಕಿನ ಕೊಳಕೂರಿನ ಗಂಡ ಹೆಂಡತಿ. ಹೆಂಡತಿ ಅಡುಗೆಗೆ ಬಂದವಳು. ಜೋಳದ ಹಿಟ್ಟಿನ ಚೀಲವನ್ನು ಊರಿಂದಲೇ ಹೊತ್ತು ತಂದಿದ್ದಳು. "ಅಲ್ಲಿಯವ್ರು ಮೈದಾ ತಿಂತಾರಂತ ಕೇಳಿದ್ನಿರಿ ಅಕ್ಕಾರ," ಎಂದಳು, ಯಾವುದೋ ರೋಗದ ಹೆಸರು ಹೇಳುವಂತೆ.

ನನಗೆ ಹಬ್ಬವೇ ಆಯಿತು. ವರ್ಷಗಟ್ಟಲೆ ಹಿಂದಿಯಲ್ಲಿ ಕೂಗಾಡಿ ದಣಿದವಳಿಗೆ ನನ್ನ ಭಾಷೆಯಲ್ಲಿ ಬೈಯುವ ಅವಕಾಶ ಸಿಕ್ಕಿತ್ತು, ಅದನ್ನು ಧಾರಾಳವಾಗಿ ಬಳಸಿಕೊಂಡೆ. ಬಂದ ಮಾರನೆಯ ದಿನ ಎಲ್ಲರನ್ನೂ ಕೂರಿಸಿ ಪಾಠ ಮಾಡಿದೆ. ಹೊಸ ಹಿಮ ಬಿದ್ದ ಮೇಲೆ ನನ್ನನ್ನು ಕೇಳದೆ ಹೊರಡಬಾರದು. ಕಾಲ ಕೆಳಗೆ ಧಬ್ ಎಂದು ಹಿಮ ಕೂತ ಸದ್ದಾದರೆ ನಿಂತಲ್ಲೇ ನಿಲ್ಲಬೇಕು. ಮೇಲಿಂದ ಹಿಮದ ಉಂಡೆಗಳು ಉರುಳಿ ಬಂದರೆ, ಎಲ್ಲಾದರೂ ಬಿರುಕು ಕಂಡರೆ ಹೇಳಬೇಕು. ದಾಟುವಾಗ ಒಬ್ಬರ ಹಿಂದೆ ಒಬ್ಬರು ದೂರ ದೂರ ಹೋಗಬೇಕು. ಎಲ್ಲರೂ ತಲೆಯಾಡಿಸಿದರು. ನನ್ನಿಂದಲೇ ಎಲ್ಲವನ್ನೂ ಒಂದೊಂದಾಗಿ ತಿರುಗಿ ಹೇಳಿಸಿಕೊಂಡರು. ಅಷ್ಟು ಶ್ರದ್ಧೆಯ ಜನ ನನಗೆ ಅಲ್ಲಿಯ ತನಕ ಸಿಕ್ಕಿರಲಿಲ್ಲ.

ಕೆಲಸ ಸಾಗಿತು. ಅವರು ಬೆಳಿಗ್ಗೆ ಗೇಟಿಗೆ ಹೋಗುತ್ತಿದ್ದರು. ಇಜೇರಿಯವರು ಮಾತ್ರ ದಾರಿಯ ಮೇಲೆಯೇ ಉಳಿದು, ಕುಸಿದ ಅಂಚನ್ನು ಸಲಿಕೆಯಿಂದ ಸರಿ ಮಾಡುತ್ತಿದ್ದರು. ನಾನು ಕ್ಯಾಂಪಿನ ಪಕ್ಕದ ಒಂದು ಸಣ್ಣ, ಕ್ಷೇಮದ ಇಳುಕಲಿನಲ್ಲಿ, ಆ ಇಳಿಜಾರು ಮುಖ ಮಾಡಿರುವ ದಿಕ್ಕಿಗೇ, ನೆಲ ಸಿಗುವ ತನಕ ಗುಂಡಿ ತೋಡುತ್ತಿದ್ದೆ. ಗುಂಡಿಯ ಗೋಡೆಯಲ್ಲಿ ಚಳಿಗಾಲದ ಇಡೀ ಚರಿತ್ರೆ ಪದರ ಪದರವಾಗಿ ಇರುತ್ತದೆ. ಮುಷ್ಟಿ ಒಳಗಿಳಿದರೆ ಆ ಪದರ ಮೆತ್ತಗಿದೆ. ಒಂದು ಬೆರಳಷ್ಟೇ ಇಳಿದರೆ ಗಟ್ಟಿ. ಪೆನ್ಸಿಲ್ ಮಾತ್ರ ಇಳಿದರೆ ಇನ್ನೂ ಗಟ್ಟಿ. ಗೇಣಿಗೊಂದು ಕಡೆ ಥರ್ಮಾಮೀಟರ್ ಚುಚ್ಚಬೇಕು. ಕಡೆಗೆ ಹಿಮವನ್ನು ಕಂಬದ ಹಾಗೆ ಕತ್ತರಿಸಿ, ಮೇಲೆ ಸಲಿಕೆ ಇಟ್ಟು, ಮೊದಲು ಮಣಿಕಟ್ಟಿನಿಂದ, ಆಮೇಲೆ ಮೊಳಕೈಯಿಂದ, ಆಮೇಲೆ ಭುಜದಿಂದ ತಟ್ಟಬೇಕು. ಯಾವ ಪೆಟ್ಟಿಗೆ ಯಾವ ಪದರ ಜಾರಿತು ಎಂದು ನೋಡಬೇಕು. ಆ ವಾರ ನನ್ನ ಕಂಬ ಭುಜದ ಪೆಟ್ಟಿಗೂ ಜಾರಲಿಲ್ಲ. ಪದರಗಳು ಒಂದಕ್ಕೊಂದು ಚೆನ್ನಾಗಿ ಅಂಟಿಕೊಂಡಿದ್ದವು. ತಳದಲ್ಲಿ, ಹುಲ್ಲಿಗೆ ತಾಗಿದ ಕಡೆ ಮಾತ್ರ ಹಿಮ ಒದ್ದೆಯಾಗಿತ್ತು, ಹಿಂಡಿದರೆ ನೀರು ಇಳಿಯುತ್ತಿತ್ತು.

ಆ ಒದ್ದೆ ನನಗೆ ಇಷ್ಟವಾಗಿರಲಿಲ್ಲ. ಹುಲ್ಲು ನೆನೆದು ನುಣುಪಾದರೆ ಅದರ ಮೇಲಿನ ಹಿಮ ಪದರ ಬಿಟ್ಟುಕೊಳ್ಳದೆ, ತಳದಿಂದ ಮೇಲಿನ ತನಕ ಇಡಿಯಾಗಿ ಒಂದೇ ಹಾಸಾಗಿ ಕೆಳಗೆ ಸರಿಯತೊಡಗುತ್ತದೆ. ದಿನಕ್ಕೆ ಬೆರಳಿನಷ್ಟು, ಕೆಲವು ಸಲ ಗೇಣಿನಷ್ಟು. ಇದನ್ನು ಗುಂಡಿಯಾಗಲಿ, ಸಲಿಕೆಯ ಪೆಟ್ಟಾಗಲಿ ಹೇಳಿಕೊಡುವುದಿಲ್ಲ. ಹೇಳುವ ಗುರುತು ಒಂದೇ. ಹಾಸು ಮೇಲಿನಿಂದ ಕಳಚಿಕೊಂಡ ಕಡೆ ನೆಲ ಕಾಣುವಷ್ಟು ಆಳದ ಬಿರುಕು ಬಾಯಿ ಬಿಡುತ್ತದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಅದರ ಕೆಳಗಿನ ಹಿಮ ಯಾವಾಗ ಬೇಕಾದರೂ ಹೋಗಬಹುದು. ಯಾರೂ ಕಾಲಿಡಬೇಕಿಲ್ಲ, ಹೊಸ ಹಿಮ ಬೀಳಬೇಕಿಲ್ಲ. ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದುರ್ಬೀನು ಹಿಡಿದು ಇಡೀ ಇಳಿಜಾರನ್ನು ಅಂಗುಲ ಅಂಗುಲ ನೋಡುತ್ತಿದ್ದೆ. ಬಿರುಕು ಇರಲಿಲ್ಲ. ಕಾಲುದಾರಿಯ ಮೇಲ್ಮಗ್ಗುಲಲ್ಲಿ ಸಲಿಕೆಯಿಂದ ಎತ್ತಿಹಾಕಿದ ಹಿಮದ ಗುರುತು ಇರುತ್ತಿತ್ತು, ಅದು ದಾರಿ ಮಾಡುವ ಕಡೆಯೆಲ್ಲ ಇರುವಂಥದ್ದೇ. ಮುಕಾದಮರನ್ನೂ ಕೇಳುತ್ತಿದ್ದೆ. "ಎಲ್ಲಾ ಛಲೋ ಅದ ಬೇಟಿ, ಫಿಕರ್ ಮಾಡಬ್ಯಾಡ" ಎನ್ನುತ್ತಿದ್ದರು.

ಆ ದಿನವೂ ಬೆಳಿಗ್ಗೆ ಹಾದಿ ಸರಿ ಇದೆ ಎಂದು ಹೇಳಿದವಳು ನಾನೇ. ಮುಕಾದಮರು, ಕೊಳಕೂರಿನವನು, ಅಫಜಲಪುರದ ಅಣ್ಣತಮ್ಮಂದಿರು ಗೇಟಿಗೆ ಹೋದರು. ಮಧ್ಯಾಹ್ನ ಇಜೇರಿಯವರು ಊಟಕ್ಕೆಂದು ಈಚೆಗೆ ಬಂದರು. ಕೊಳಕೂರಿನವಳು ನಮ್ಮಿಬ್ಬರಿಗೂ ರೊಟ್ಟಿ, ಶೇಂಗಾ ಚಟ್ನಿ ಹಾಕಿದಳು. ಬಿಸಿಲು ಚುರುಕಾಗಿತ್ತು. ಇಜೇರಿಯವರು ರೊಟ್ಟಿ ಮುರಿಯುತ್ತಾ ಅವಳಿಗೆ ಹೇಳಿದರು, "ಇವತ್ ಸಲಿಕಿ ಹೊಡದು ರಟ್ಟಿ ಬಿದ್ದಾವ ನೋಡವ್ವಾ. ಎಷ್ಟ್ ಹಾಕಿದ್ರೂ ನುಂಗಾಕತ್ತದ. ನಿನ್ನಿ ಮುಚ್ಚಿದ್ದು ಇವತ್ ಮತ್ತ ಬಾಯಿ ಬಿಟ್ಟದ."

ನಾನು ಕೇಳಿದೆ, "ಏನ್ ಬಾಯಿ ಬಿಟ್ಟದ?"

"ಅದೇ ಬಿರುಕ್ರಿ ಅಕ್ಕಾರ. ದಾರಿ ಮ್ಯಾಲಿನ ಬಾಜೂಕ. ಮೊದಲ ಸಣ್ಣದಿತ್ತು, ಬೆರಳ ಹೋಗುವಷ್ಟು. ದಿನಾ ಸಂಜಿಕಡೆ ಬರೂಮುಂದ ಮುಚ್ಚಿ ತುಳದು ಬರ್ತೇನಿ. ಇವತ್ ನೋಡಿದ್ರ ಕಾಲ್ ಹೋಗುವಷ್ಟ ಆಗೇದ."

ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಇನ್ನೊಮ್ಮೆ ಹೇಳಿ ಎಂದೆ, ಅವರು ಇನ್ನೊಮ್ಮೆ ಹೇಳಿದರು. ಎಷ್ಟು ಉದ್ದ ಎಂದೆ. ಈ ತುದಿಯ ಬಂಡೆಯಿಂದ ಹಿಡಿದು ಹೆಚ್ಚು ಕಡಿಮೆ ಆ ತುದಿಯ ತನಕ ಎಂದರು. ಬಿರುಕು ಕಂಡರೆ ಹೇಳಿ ಎಂದಿದ್ದೆನಲ್ಲ ಎಂದು ಕೇಳುವಾಗ ನನ್ನ ದನಿ ನನಗೇ ಗುರುತು ಸಿಗದ ಹಾಗಿತ್ತು.

ಇಜೇರಿಯವರು ಪೂರ್ತಿ ಗೊಂದಲಕ್ಕೆ ಬಿದ್ದರು. "ಅಂದಿದ್ರಿ ಖರೇ. ಅದ್ರ ಮುಚ್ಚೇನಲ್ರಿ. ಮುಚ್ಚಿದ ಮ್ಯಾಲ ಹೇಳೂದೇನದ? ನಮ್ಮ ಎರಿ ಹೊಲದಾಗ ಇದಕ್ಕಿಂತ ದೊಡ್ಡ ಬಿರುಕ ಬಿಡತಾವ. ಜ್ವಾಳ ನಿಂತಾಗ ಎಡಿ ಹೊಡದು ಮುಚ್ಚಲಿಲ್ಲಂದ್ರ ಹಸಿ ಆರಿ ಬೆಳಿ ಹೋಗ್ತದ. ತೆರದ ಬಿರುಕು ಬಿಟ್ಟು ಮನಿಗಿ ಹೋಗೂದಂದ್ರ ನಮಗ ಆಗಂಗಿಲ್ರಿ."

ಇದನ್ನು ಬರೆಯುವಾಗಲೂ ಆ ಗಳಿಗೆ ನನ್ನ ಮೈಯಲ್ಲಿ ಹಾಗೇ ಇದೆ. ನಾನೂ ಎರೆ ಭೂಮಿಯಲ್ಲೇ ಹುಟ್ಟಿದವಳು. ಹಿಂಗಾರಿಯಲ್ಲಿ ಹೊಲ ಬಾಯಿ ಬಿಡುವುದು, ರೈತರು ಕುಂಟೆ ಹೊಡೆದು ಅದನ್ನು ಮುಚ್ಚುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಅಭ್ಯಾಸ ಸಾವಿರ ಮೈಲಿ ದಾಟಿ ಈ ಹಿಮದ ಮೇಲೆ ಬಂದು ನಿಲ್ಲುತ್ತದೆ ಎಂದು ಯಾರು ಊಹಿಸಬೇಕು? ಗುಡ್ಡ ದಿನಾ ಎಚ್ಚರಿಕೆ ಕೊಡುತ್ತಿತ್ತು. ಒಳ್ಳೆಯ ರೈತರೊಬ್ಬರು ದಿನಾ ಸಂಜೆ ಅದನ್ನು ಅಚ್ಚುಕಟ್ಟಾಗಿ ಒರೆಸಿಹಾಕುತ್ತಿದ್ದರು. ನಾನು ದುರ್ಬೀನು ಹಿಡಿದು ಆ ಅಚ್ಚುಕಟ್ಟನ್ನೇ ನೋಡಿ ಎಲ್ಲ ಸರಿ ಎನ್ನುತ್ತಿದ್ದೆ.

ದುರ್ಬೀನು ಎತ್ತಿಕೊಂಡು ಓಡಿದೆ. ಹುಡುಕುವುದೇನು ಎಂದು ಗೊತ್ತಾದ ಮೇಲೆ ಎಲ್ಲವೂ ಕಣ್ಣಿಗೆ ಹೊಡೆಯಿತು. ಸಲಿಕೆಯ ಹಿಮದ ಮಬ್ಬು ಗೆರೆ ಇಳಿಜಾರಿನ ಉದ್ದಕ್ಕೂ ಬಿಲ್ಲಿನಂತೆ ಬಾಗಿ ಹೋಗಿತ್ತು, ಮಧ್ಯದಲ್ಲಿ ಅದು ತುಂಡಾಗಿ ಕಪ್ಪು ಕಾಣುತ್ತಿತ್ತು. ಕೆಳಗೆ ಕಮರಿಯ ಅಂಚಿನಲ್ಲಿ ಹಿಮ ಮಡಿಕೆ ಮಡಿಕೆಯಾಗಿ ಉಬ್ಬಿತ್ತು. ಈಚೆ ತುದಿಯ ಬಂಡೆಯ ಮೇಲೆ ಹತ್ತಿ, ಅಲ್ಲಿಂದಲೇ ಕೈ ಚಾಚಿ ಬಿರುಕಿನೊಳಗೆ ಕೋಲು ಬಿಟ್ಟೆ. ತುಂಬಿದ ಹಿಮ ಬುಸ್ಸೆಂದು ಕುಸಿಯಿತು. ಕೋಲು ತಳ ಮುಟ್ಟಿತು, ತುದಿಗೆ ಹಸಿ ಹುಲ್ಲು ಅಂಟಿಕೊಂಡು ಬಂತು. ಬಿರುಕಿನ ಆಚೆಗೊಂದು, ಈಚೆಗೊಂದು ಬಿದಿರು ಕಡ್ಡಿ ನೆಟ್ಟು ನಡುವಿನ ಅಂತರ ಗೇಣು ಹಾಕಿ ನೋಡಿದೆ. ಒಂದು ಗೇಣು, ಮೇಲೆ ನಾಲ್ಕು ಬೆರಳು.

ವಾಕಿಟಾಕಿಯಲ್ಲಿ ಮುಕಾದಮರನ್ನು ಕರೆದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು, "ಬೇಟಿ, ನಾವು ಹೊಂಟೇವಿ. ಕೊಳಕೂರಿನಂವ ನೀರಾಗ ಬಿದ್ದಾನ. ಗಡ್ಡಿ ಒಡಿಯಾಕ ಹೋಗಿ ಕಾಲ್ ಜಾರೇದ, ಎದಿತನಕ ತೊಯ್ದಾನ. ಹಲ್ಲು ಕಟಕಟ ಅನ್ನಾಕತ್ತಾವ. ಜಲ್ದಿ ಚಾ ಇಡಾಕ ಹೇಳು."

"ಚಾಚಾ, ಹೊರಡಬ್ಯಾಡ್ರಿ. ಒಬ್ರೂ ಹಾದಿ ಮ್ಯಾಲೆ ಕಾಲಿಡಬ್ಯಾಡ್ರಿ."

"ಏನಂದಿ?"

ನಾನು ಬಿರುಕಿನ ವಿಷಯ ಹೇಳಿದೆ. ಅವರಿಗೂ ಅದು ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಅದರಲ್ಲೇನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. "ನಿತ್ಯ ದಾಟ್ತೇವಲ್ಲ ಬೇಟಿ" ಎಂದರು. ಹೌದು, ದಿನಾ ಎರಡು ಸಲ ದಾಟುತ್ತಿದ್ದರು, ನನ್ನ ಒಪ್ಪಿಗೆಯ ಮೇಲೆಯೇ. ಈಗ ಅದೇ ಗಟ್ಟಿ ಹಾಸಿನಂತೆ ಕಾಣುವ ಹಿಮದ ಆಚೆ ಒಬ್ಬ ಮನುಷ್ಯ ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ. ಅಲ್ಲೇ ಬಿಟ್ಟರೆ ಚಳಿ ಕೊಲ್ಲುತ್ತದೆ, ಕರೆದರೆ ಹಿಮ. ನನ್ನ ಹಿಂದೆ ಅವನ ಹೆಂಡತಿ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಕೆಳಗಿನ ಕಚೇರಿಯ ಎಂಜಿನಿಯರಿಗೆ ತಿಳಿಸಿದೆ. ಅವರು ಒಬ್ಬೊಬ್ಬರನ್ನೇ ದಾಟಿಸಿ ಎಂದರು. ಒಬ್ಬೊಬ್ಬರನ್ನು ದಾಟಿಸಿದರೆ ಸಾಯುವವರ ಸಂಖ್ಯೆ ಕಡಿಮೆಯಾಗಬಹುದು, ದಾಟುವ ಆ ಒಬ್ಬನ ಅಪಾಯ ಚೂರೂ ಕಡಿಮೆಯಾಗುವುದಿಲ್ಲ ಎಂದೆ. ಬೆಳಿಗ್ಗೆ ಸರಿ ಎಂದವರು ನೀವೇ ಅಲ್ಲವೇ ಎಂದು ಕೇಳಿದರು. ಹೌದು, ಈಗ ಇಲ್ಲ ಎನ್ನುತ್ತಿರುವವಳೂ ನಾನೇ ಎಂದು ಬಟನ್ ಬಿಟ್ಟೆ. ಕೋಪ ಬಂದಿತ್ತು, ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಇನ್ನು ಉಳಿದ ದಾರಿ, ಅವನನ್ನು ಅಲ್ಲೇ ಬೆಚ್ಚಗೆ ಮಾಡುವುದು. ಗೇಟಿನ ಹತ್ತಿರ ಬಂಡೆಯ ಮರೆಯಲ್ಲಿ ಒಂದು ತಗಡಿನ ಕೋಣೆ ಇತ್ತು. ಒಳಗೆ ಗೇಟು ಎತ್ತುವ ಗಾಲಿ, ಒಂದಿಷ್ಟು ಸೆಂಟ್ರಿಂಗ್ ಹಲಗೆ, ಖಾಲಿ ಸಿಮೆಂಟ್ ಚೀಲ, ಡಬ್ಬಿಯ ತಳದಲ್ಲಿ ಡೀಸೆಲ್. ನಾನು ಒಂದೊಂದಾಗಿ ಹೇಳುತ್ತಾ ಹೋದೆ. ಒದ್ದೆ ಬಟ್ಟೆ ಪೂರ್ತಿ ತೆಗೆಯಿರಿ. ನೆಲದ ಮೇಲೆ ಹಲಗೆ ಹಾಕಿ, ಅದರ ಮೇಲೆ ಚೀಲ. ನಿಮ್ಮ ಮೈಮೇಲಿನ ಒಣ ಬಟ್ಟೆಯಲ್ಲಿ ಒಂದೊಂದು ಅವನಿಗೆ ಹಾಕಿ. ಕೈಕಾಲು ತಿಕ್ಕಬೇಡಿ. ಅಣ್ಣತಮ್ಮಂದಿರಿಬ್ಬರೂ ಅವನ ಎರಡು ಮಗ್ಗುಲಿಗೆ ಮೈಗೆ ಮೈ ಹಚ್ಚಿ ಮಲಗಲಿ. ಬಾಗಿಲ ಹತ್ತಿರ ಬೆಂಕಿ ಮಾಡಿ, ಬಾಗಿಲು ಪೂರ್ತಿ ಮುಚ್ಚಬೇಡಿ, ಹೊಗೆಗೆ ಉಸಿರುಗಟ್ಟೀತು. ಬುತ್ತಿಯಲ್ಲಿ ಬೆಲ್ಲ ಇದ್ದರೆ ಬಿಸಿ ನೀರಿಗೆ ಹಾಕಿ ಸ್ವಲ್ಪ ಸ್ವಲ್ಪ ಕುಡಿಸಿ.

ಸ್ವಲ್ಪ ಹೊತ್ತಿಗೆ ಮುಕಾದಮರ ದನಿ ಬಂತು. "ಬಿಚ್ಚಾಕ ಒಲ್ಲೆ ಅಂತಾನ ಬೇಟಿ. ನಾಚ್ಕೋತಾನ. ಚಡ್ಡಿ ಗಟ್ಟಿ ಹಿಡಕೊಂಡ್ ಕುಂತಾನ."

ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಕೊಳಕೂರಿನವಳು ನನ್ನ ಕೈಯಿಂದ ವಾಕಿಟಾಕಿ ತೆಗೆದುಕೊಂಡಳು. ಎಲ್ಲಿ ಒತ್ತಬೇಕು ಎಂದು ಕೇಳಿದಳು, ತೋರಿಸಿದೆ. "ಕೇಳ್ರಿ ಇಲ್ಲಿ," ಎಂದಳು. "ಅಲ್ಲಿ ನಿಮ್ಮನ್ ಯಾರ್ ನೋಡಾಕತ್ತಾರ? ಸುಮ್ ಎಲ್ಲಾ ಬಿಚ್ಚ್ರಿ. ಮರ್ಯಾದಿ ಉಳಿಸ್ಕೊಂಡು ಸತ್ರ ನಾ ಇಲ್ಲಿ ಒಬ್ಬಾಕಿ ಏನ್ ಮಾಡ್ಲಿ? ಬಿಚ್ಚೀರೋ ಇಲ್ಲೋ?"

ತುಸು ಹೊತ್ತಿನ ಮೇಲೆ ನಡುಗುವ ದನಿಯೊಂದು, "ಬಿಚ್ಚೇನಿ," ಎಂದಿತು. ಇಜೇರಿಯವರು ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನನಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ಹೇಳಲಾರೆ.

ಮಧ್ಯಾಹ್ನ ಕಳೆಯುವುದೇ ಕಷ್ಟವಾಯಿತು. ನಾನು ಬಂಡೆ ಮತ್ತು ವಾಕಿಟಾಕಿಯ ನಡುವೆ ಓಡಾಡುತ್ತಿದ್ದೆ. ಒಮ್ಮೆ ಮುಕಾದಮರು ಖುಷಿಯಿಂದ, "ನಡಗೂದ್ ನಿಂತದ ಬೇಟಿ," ಎಂದರು. ಮೈ ಬೆಚ್ಚಗಾಗಿಯೂ ನಡುಕ ನಿಲ್ಲಬಹುದು, ಮೈ ಸೋತು ಕೈಬಿಟ್ಟಾಗಲೂ ನಿಲ್ಲಬಹುದು. ದೂರದಿಂದ ತಿಳಿಯುವುದು ಮಾತಿನಿಂದ ಮಾತ್ರ. ಹೆಂಡತಿಯ ಕೈಗೆ ಕೊಟ್ಟು, ಏನಾದರೂ ಕೇಳು, ಯೋಚಿಸಿ ಉತ್ತರ ಹೇಳುವಂಥದ್ದು ಕೇಳು ಎಂದೆ. ಅವಳು, "ಮನಿ ಚಾವಿ ಯಾರ ಕೈಯಾಗ ಕೊಟ್ಟ್ ಬಂದೀರಿ?" ಎಂದಳು. "ನೀನೇ ನಿಮ್ ಅವ್ವಗ ಕೊಟ್ಟ್ ಬಂದಿ. ನನಗ್ಯಾಕ ಕೇಳ್ತಿ?" ಎಂಬ ಉತ್ತರ ಬಂತು. ಮಾತಿನಲ್ಲಿ ಸಿಟ್ಟಿತ್ತು, ಮಾತು ತೊದಲುತ್ತಿರಲಿಲ್ಲ. ನಾನು ಅಲ್ಲೇ ಹಿಮದ ಮೇಲೆ ಕೂತುಬಿಟ್ಟೆ.

ಆ ನೆಮ್ಮದಿ ಬಿಸಿಲಿರುವ ತನಕ ಇತ್ತು. ಸೂರ್ಯ ಎದುರಿನ ಗುಡ್ಡದ ಹಿಂದೆ ಸರಿದದ್ದೇ ಗಾಳಿ ಕತ್ತಿಯಂತಾಯಿತು. ಹಿಮದ ಮೇಲ್ಮೈ ಗಟ್ಟಿಯಾಗಿ ಬೂಟಿನ ಕೆಳಗೆ ಕಿರುಗುಟ್ಟತೊಡಗಿತು. ಎಂಜಿನಿಯರು ಮತ್ತೆ ಕರೆದರು. ಈಗ ಹೆಪ್ಪುಗಟ್ಟಿದೆ, ಈಗಲೂ ದಾಟಿಸದಿದ್ದರೆ ಯಾವಾಗ ಎಂದರು. ಮುಕಾದಮರೂ ಅದನ್ನೇ ಕೇಳಿದರು. ಡೀಸೆಲ್ ಮುಗಿದಿತ್ತು, ಹಲಗೆ ಎರಡೋ ಮೂರೋ ಉಳಿದಿದ್ದವು. ಬಟ್ಟೆ ಬಿಚ್ಚಿಕೊಟ್ಟ ಮೂವರಿಗೂ ಈಗ ಚಳಿ ಹತ್ತುತ್ತಿತ್ತು.

ಹೂಂ ಎನ್ನಲು ನಾನು ಬಾಯಿ ತೆರೆದಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಸಾಮಾನ್ಯವಾಗಿ ಸಂಜೆಯ ಹೆಪ್ಪು ಹಿಮವನ್ನು ಗಟ್ಟಿ ಮಾಡುತ್ತದೆ, ನಾನೇ ಎಷ್ಟೋ ಸಲ ಜನರನ್ನು ಈ ಹೊತ್ತಿಗೇ ದಾಟಿಸಿದ್ದೇನೆ. ಆದರೂ ಹೇಳುವ ಮೊದಲು ಕಡ್ಡಿ ನೋಡೋಣವೆಂದು ಬಂಡೆ ಹತ್ತಿದೆ. ಗೇಣು ಹಾಕಿದೆ. ಒಂದು, ಎರಡು, ಮೂರು, ಮೇಲೆ ಇನ್ನೂ ಜಾಗ. ಕೈ ತಪ್ಪಿರಬೇಕೆಂದು ಮತ್ತೆ ಹಾಕಿದೆ. ಮೇಲೆ ಹೆಪ್ಪುಗಟ್ಟಿದರೂ ತಳದ ಒದ್ದೆ ಹುಲ್ಲಿಗೆ ಚಳಿ ಮುಟ್ಟಿರಲೇ ಇಲ್ಲ. ಒಂದು ವಾರದಲ್ಲಿ ಸರಿದದ್ದಕ್ಕಿಂತ ಹೆಚ್ಚು ಆ ಒಂದು ಮಧ್ಯಾಹ್ನದಲ್ಲಿ ಸರಿದಿತ್ತು. ಬಿರುಕಿನ ಕೆಳದುಟಿ ನಾನು ನೋಡುತ್ತಿದ್ದಂತೆ ಒಂದು ಚೂರು ಕೆಳಗಿಳಿಯಿತೋ ಎಂಬ ಭ್ರಮೆಯಾಗಿ ಹಿಂದಕ್ಕೆ ಹಾರಿದೆ.

"ಇಲ್ಲ ಚಾಚಾ. ಯಾರೂ ಬರಬ್ಯಾಡ್ರಿ," ಎಂದೆ.

"ಬೇಟಿ, ಕಟಗಿ ಮುಗದ್ವು. ರಾತ್ರಿ ಇಲ್ಲಿ ಕಳದ್ರ ಇಂವ ಉಳಿಯಂಗಿಲ್ಲ. ಇಂವ ಹ್ವಾದ್ರ ಜವಾಬ್ದಾರಿ ಯಾರದು?"

"ನಂದು."

"ಆ ಹೆಣ್ಮಗಳ ಮುಂದ ಹೇಳ್ತಿ ಏನು ಈ ಮಾತು?"

ಆ ಹೆಣ್ಣುಮಗಳು ನನ್ನ ಪಕ್ಕದಲ್ಲೇ ಇದ್ದಳು. ನಾನು ಅವಳ ಮುಖ ನೋಡಿ, "ನಂದು," ಎಂದು ಮತ್ತೊಮ್ಮೆ ಹೇಳಿದೆ. ಅತ್ತ ಕಡೆಯಿಂದ ಉತ್ತರ ಬರಲಿಲ್ಲ.

ಅವಳು ಡೇರೆಗೆ ಹೋದಳು. ಹೊರಬಂದಾಗ ಹೆಗಲ ಮೇಲೆ ಎರಡು ಕಂಬಳಿ, ಕೈಯಲ್ಲಿ ಚಹಾದ ಕಿಟಲಿ. ನೇರ ಹಾದಿಯ ಕಡೆ ನಡೆದಳು. "ತಂಗಿ, ನಿಂದ್ರು," ಎಂದೆ. ನಿಲ್ಲಲಿಲ್ಲ. "ನೀವು ಅವ್ರನ್ ಕರೀಬ್ಯಾಡ್ರಿ ಅಕ್ಕಾರ. ನಾನೇ ಹೋಗ್ತೇನಿ. ನನಗೇನಾದ್ರೂ ಆದ್ರ ಅದು ನಿಮ್ಮ ಜವಾಬ್ದಾರಿ ಅಲ್ಲ," ಎಂದಳು. ಮೊದಲ ಹೆಜ್ಜೆ ಹಾದಿಯ ಮೇಲೆ ಇಟ್ಟಿದ್ದಳು. ನಾನು ಓಡಿ ಹೋಗಿ ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದೆ. ವಾಕಿಟಾಕಿಗಾಗಿ ಕೈಗವಸು ತೆಗೆದಿದ್ದೆ, ಬರಿಗೈಯಲ್ಲೇ ಹಿಡಿದೆ. ಅವಳು ಕೊಸರಿಕೊಂಡಳು. ಕಿಟಲಿ ಉರುಳಿತು. ಇಬ್ಬರೂ ಬಂಡೆಯ ಬುಡದಲ್ಲಿ ಬಿದ್ದೆವು.

ಆಗ ಇಳಿಜಾರು ಹೊರಟಿತು.

ಮೊದಲು ಸದ್ದೇ ಇರಲಿಲ್ಲ. ಮಲಗಿದ ಮಗುವಿನ ಮೇಲಿಂದ ಕಂಬಳಿ ಸರಿಸುವ ಹಾಗೆ ಇಡೀ ಹಿಮ, ಕಾಲುದಾರಿಯ ಸಮೇತ, ನೆಟ್ಟಗೆ ಕೆಳಗೆ ಸರಿಯಿತು. ನಾವು ದಿನಾ ನಡೆದ ಹೆಜ್ಜೆಗಳು ಅದರ ಮೇಲೆ ಹಾಗೇ ಇದ್ದವು. ಆಮೇಲೆ ಅದು ಒಡೆಯಿತು. ಎತ್ತಿನ ಗಾಡಿಯಷ್ಟು ದೊಡ್ಡ ಗಡ್ಡೆಗಳು ಒಂದರ ಮೇಲೊಂದು ಹತ್ತಿ ಉರುಳಿ ಕಮರಿಯೊಳಗೆ ಬಿದ್ದವು. ಆಗ ಬಂದ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಬಡಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಳಿ ಇದ್ದ ಕಡೆ ಕಂದು ಬಣ್ಣದ ಒದ್ದೆ ಹುಲ್ಲು, ಅದರಿಂದ ಏಳುತ್ತಿದ್ದ ಹಬೆ.

ಇಜೇರಿಯವರು ಸಲಿಕೆ ಹಿಡಿದು ನಿಂತವರು ಹಾಗೇ ಕುಸಿದು ಕೂತರು. "ನಾ ಅದಕ್ಕ ಹೊಲ ಅಂತ ತಿಳ್ದಿ," ಎಂದು ತಮಗೇ ಹೇಳಿಕೊಂಡರು.

ಬಟನ್ ಒತ್ತಿ ಮುಕಾದಮರನ್ನು ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಕೋಣೆಯೂ ಆಚೆಯ ಹಾದಿಯ ಬಾಯಿಯೂ ಬಂಡೆಯ ಮರೆಯಲ್ಲಿದ್ದುದರಿಂದ ಇಲ್ಲಿಂದ ಕಾಣುತ್ತಿರಲಿಲ್ಲ. ನನ್ನ ಕೊನೆಯ ಮಾತಿಗೆ ಅವರು ಉತ್ತರ ಕೊಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು. ಹಟಮಾರಿ ಮುದುಕ, ನನ್ನ ಮಾತು ಮೀರಿ ಹೊರಟಿದ್ದರೆ? ಪಕ್ಕದಲ್ಲಿದ್ದವಳು ವಾಕಿಟಾಕಿಯನ್ನೇ ನೋಡುತ್ತಿದ್ದಳು. ನಾನು ಕರೆಯುತ್ತಲೇ ಇದ್ದೆ. ಅಷ್ಟು ಭಯ ನನ್ನ ಬಾಳಿನಲ್ಲಿ ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಬಂದಿಲ್ಲ.

ಕೊನೆಗೆ ಕರಕರ ಸದ್ದು. "ಬೇಟಿ." ಆಮೇಲೆ ಉಸಿರು. "ಅದೇವಿ. ನಾಲ್ಕೂ ಮಂದಿ ಅದೇವಿ."

ಅವರು ಹೊರಟೇ ಇದ್ದರಂತೆ. ಕೊಳಕೂರಿನವನನ್ನು ಬೆನ್ನ ಮೇಲೆ ಹೊತ್ತು, ಶಾಲಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಬಾಗಿಲು ದಾಟಿ ಹಾದಿಯ ಬಾಯಿಗೆ ಬಂದಿದ್ದರು. ಆ ಪುಣ್ಯಾತ್ಮ ಅಲ್ಲಿ ತಕರಾರು ತೆಗೆದ. ಹೆಂಡತಿ ಎದುರಿಗಿದ್ದಾಳೆ, ಇನ್ನೊಬ್ಬರ ಬೆನ್ನ ಮೇಲೆ ಕೂಸಿನಂತೆ ಹೋಗುವುದಿಲ್ಲ, ಇಳಿಸಿ ನಡೆಯುತ್ತೇನೆ ಎಂದು ಹಟ ಹಿಡಿದ. ಮುಕಾದಮರು ಬೈಯುತ್ತಾ ಶಾಲಿನ ಗಂಟು ಬಿಚ್ಚುತ್ತಿದ್ದಾಗ ಅವರ ಕಾಲ ಮುಂದಿನ ಹಾದಿ ಹೊರಟುಹೋಯಿತು. "ನಿನ್ನ ಮಾತ್ ಮೀರಿದ್ನಿ ಬೇಟಿ," ಎಂದು ಹೇಳಿ ಅವರು ಬಟನ್ ಬಿಡುವುದನ್ನೇ ಮರೆತರು. ಅವರು ಅಳುವುದು ನಮಗೆ ಕೇಳುತ್ತಿತ್ತು.

ಅಳುತ್ತಾ ಕೂರಲು ಬೆಳಕು ಉಳಿದಿರಲಿಲ್ಲ. ಹಿಮ ಹೋದ ಮೇಲೆ ಆ ಇಳಿಜಾರಿನಷ್ಟು ಕ್ಷೇಮದ ಜಾಗ ಕಣಿವೆಯಲ್ಲಿ ಬೇರೆ ಇಲ್ಲ, ಅಂಚಿನಲ್ಲಿ ಏನೂ ನೇತಾಡುತ್ತಿಲ್ಲದಿದ್ದರೆ. ಒಂದೇ ಕೈಯಲ್ಲಿ ದುರ್ಬೀನು ಹಿಡಿದು ನೋಡಿದೆ. ಬಿರುಕಿನ ಮೇಲಿನ ಹಿಮ ಒರಟು ಬಂಡೆಗೆ ಕಚ್ಚಿಕೊಂಡಿತ್ತು. ಆಚೆ ಮಗ್ಗುಲಲ್ಲಿ ಮಾತ್ರ ನಾಲಿಗೆಯಂಥ ಒಂದು ತುಂಡು ಉಳಿದಿತ್ತು. ಅದರಿಂದ ದೂರ, ನಡುವಿನ ಬೋಳು ಹುಲ್ಲಿನ ಮೇಲೆ ಬರುವುದೆಂದು ಗೊತ್ತು ಮಾಡಿದೆ. ಇಜೇರಿಯವರು ಎದ್ದು ಬಂದು, ಕೇಳದೆಯೇ, ಸಲಿಕೆಯಿಂದ ಹುಲ್ಲಿನಲ್ಲಿ ಕಾಲಿಡಲು ಮೆಟ್ಟಿಲು ಕಡಿಯತೊಡಗಿದರು. ನಾನು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಆ ನಾಲಿಗೆಯ ಮೇಲೇ ಕಣ್ಣಿಟ್ಟೆ. ಸೀಟಿ ಕೇಳಿದರೆ ಎಲ್ಲ ಬಿಟ್ಟು ಈಚೆಗೆ ಓಡಬೇಕು ಎಂದಿದ್ದೆ.

ಅಣ್ಣ ಬಂದ, ತಮ್ಮ ಬಂದ. ಮೂರನೆಯವನು ಕೊಳಕೂರಿನವನು. ಮುಕಾದಮರ ಉಣ್ಣೆಯ ಟೋಪಿ, ಯಾರದೋ ಅಳತೆ ಮೀರಿದ ಪ್ಯಾಂಟು, ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಮೆಟ್ಟಿಲಿಂದ ಮೆಟ್ಟಿಲಿಗೆ ಕಾಲಿಡುತ್ತಾ ತನ್ನ ಕಾಲ ಮೇಲೇ ಬಂದ. ಕೊನೆಗೆ ಮುಕಾದಮರು. ಅವರ ಎರಡೂ ಕಾಲು ಬಂಡೆಯ ಮೇಲೆ ಬಂದ ಮೇಲೆ ಸೀಟಿ ನನ್ನ ಬಾಯಿಂದ ತಾನೇ ಬಿತ್ತು.

ಕೊಳಕೂರಿನವನು ನಮ್ಮ ಮುಂದೆ ಬಂದು ನಿಂತ. ತುಟಿ ಇನ್ನೂ ನೀಲಿಯಾಗಿದ್ದವು. ಹೆಂಡತಿಯನ್ನು ನೋಡಿದ, ನೆಲ ನೋಡಿದ. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ, "ಕೈ ಬಿಡ್ರಿ ಅಕ್ಕಾರ. ಅವ್ರು ಬಂದಾರ," ಎಂದಳು.

ಇಷ್ಟು ಹೊತ್ತೂ ನಾನು ಅವಳ ಮಣಿಕಟ್ಟು ಹಿಡಿದೇ ಇದ್ದೆ. ಬಿಡಲು ನೋಡಿದರೆ ಬೆರಳು ಬಿಚ್ಚಲೊಲ್ಲವು. ಅವಳೇ ಇನ್ನೊಂದು ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಿದಳು. ನನ್ನ ಅಂಗೈಯಲ್ಲಿ ಹಸಿರು ಗಾಜಿನ ಚೂರುಗಳಿದ್ದವು, ಅವಳ ಕೈಯಲ್ಲಿ ರಕ್ತ. ಗಂಡ ಆಚೆ ದಡದಲ್ಲಿದ್ದಾಗ ನಾನು ಅವಳ ಬಳೆಗಳನ್ನು ಪುಡಿ ಮಾಡಿದ್ದೆ. ಹಿಮ ಕುಸಿದಾಗ ಹುಟ್ಟದ ಅಳು ನನಗೆ ಆಗ ಬಂತು.

"ಬಳಿ ಒಡದ್ನಲ್ಲ ತಂಗಿ ನಾನು," ಎಂದೆ.

ಅವಳು ಥಟ್ಟನೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. "ಹಂಗನ್ನಬ್ಯಾಡ್ರಿ. ಹೆಚ್ಚ್ಯಾವ ಅನ್ರಿ," ಎಂದಳು. ಗಂಡ ಬದುಕಿರುವವಳ ಬಳೆ ನಮ್ಮ ಕಡೆ ಒಡೆಯುವುದಿಲ್ಲ, ಹೆಚ್ಚುತ್ತವೆ. ನಾನು ಅನ್ನುವ ತನಕ ಕೈ ತೆಗೆಯದೆ ಕಾದು ನಿಂತಳು. ಅವಳ ಬೆರಳ ಸಂದಿನಿಂದಲೇ ಹೆಚ್ಚ್ಯಾವ ಎಂದೆ.